ಬೇಬಿಗೊಂದು ಮಣೆ

ಸದಾನಂದಣ್ಣ ಬಾಗಿಲು ಹಾಕಿದ ಸದ್ದನ್ನು ನಾನು ಒಂದು ದಿನವೂ ಕೇಳಿದವಳಲ್ಲ. ಹಿಡಿಕೆಯನ್ನು ಒತ್ತಿ ಹಿಡಿದು, ಬಾಗಿಲನ್ನು ಚೌಕಟ್ಟಿಗೆ ಸೇರಿಸಿ, ಆಮೇಲೆ ಮೆಲ್ಲಗೆ ಕೈ ಬಿಡುತ್ತಿದ್ದರು. ಆಫೀಸಿನಲ್ಲಿ ಕಾಫಿ ಕಪ್ಪು ಮೇಜಿನ ಮೇಲಿಟ್ಟರೂ ಹಾಗೆಯೇ. ಸೀನು ಬಂದರೆ ಕರವಸ್ತ್ರದೊಳಗೇ ಮುಗಿಸಿಬಿಡುವರು. ಬೆನ್ನ ಹಿಂದೆ ಬಂದು ನಿಂತರೆಂದರೆ ನನ್ನ ಎದೆ ಝಲ್ಲೆನ್ನುತ್ತಿತ್ತು. "ಅಣ್ಣ, ಕಾಲಿಗೊಂದು ಗೆಜ್ಜೆ ಕಟ್ಕೊಳಿ, ಪುಣ್ಯ ಬರತ್ತೆ" ಎಂದು ರೇಗಿಸುತ್ತಿದ್ದೆ.

ಇಂಥ ಮನುಷ್ಯ ತನ್ನ ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ ಒಂದು ಅರಚುವ ಮಿಶಿನು ಸಾಕಿದ್ದರು. ಕಂಪ್ಯೂಟರಿನಲ್ಲಿ ಬರೆದ ನಕ್ಷೆಯಂತೆ ಮರವನ್ನು ತಾನೇ ಕೊರೆಯುವ ಪುಟ್ಟ ಸಿಎನ್‌ಸಿ ರೌಟರ್ ಅದು. ಜರ್ಮನಿಯ ಶ್ವೀಬರ್ಡಿಂಗೆನ್‌ನಲ್ಲಿ ನಮ್ಮಿಬ್ಬರಿಗೂ ಒಂದೇ ಆಫೀಸು. ನನಗೆ ಅಲ್ಲಿ ಕೆಲಸ ಮಾಡುವ ಪರವಾನಗಿ, ಬ್ಲೂ ಕಾರ್ಡ್, ಸಿಕ್ಕಿದ ಹೊಸತು. ಮೂಡಬಿದಿರೆ ಕಡೆಯ ಸದಾನಂದಣ್ಣ ಆಗಲೇ ಹಳಬರು. ಮೈಸೂರಿನವಳಾದ ನನಗೆ ಶನಿವಾರ ನೀರುದೋಸೆ ಹಾಕಿಕೊಟ್ಟು, ಆಮೇಲೆ ಕೆಳಗೆ ಕರೆದುಕೊಂಡು ಹೋಗಿ ಮಿಶಿನು ತೋರಿಸುವುದು ಅವರ ಸತ್ಕಾರದ ಕ್ರಮ. ದೋಸೆಯ ಆಸೆಗೆ ನಾನು ಮಿಶಿನನ್ನು ಸಹಿಸಿಕೊಳ್ಳುತ್ತಿದ್ದೆ.

ಒಮ್ಮೆ ಊರಿಗೆ ಹೋಗಿ ಬಂದವರು ಸೂಟ್‌ಕೇಸಿನಿಂದ ಅಮ್ಮನ ಹಳೆಯ ಸೀರೆ ಸುತ್ತಿದ್ದ ಹಲಸಿನ ಹಲಗೆಯೊಂದನ್ನು ಹೊರತೆಗೆದರು.

"ಒಂದು ಮಣೆ ಮಾಡ್ಲಿಕ್ಕುಂಟು. ಹಲಗೆ ಇರುವುದು ಇದೊಂದೇ. ಹಾಳಾದ್ರೆ ಮತ್ತೆ ಇಲ್ಲ."

ಮೊದಲು ಬೇರೊಂದು ಗಟ್ಟಿಮರದ ತುಂಡಿನ ಮೇಲೆ ಪರೀಕ್ಷೆ ನಡೆಯಿತು. ಹಳೆಯ ಮೋಟಾರು ಕಿರುಚಿಕೊಂಡಿತು, ಮರದ ಅಂಚು ಸೀದು ಕಪ್ಪಾಯಿತು. ಸ್ವಿಚ್ ಆರಿಸಿ "ಇದ್ರಲ್ಲಿ ಆಗ್ಲಿಕ್ಕಿಲ್ಲ" ಎಂದವರು, ಮೂರುಪಟ್ಟು ಶಕ್ತಿಯ, ಸದ್ದು ಕಡಿಮೆಯ, ನೀರಿನಿಂದ ತಂಪಾಗುವ ಸ್ಪಿಂಡಲ್ ತರಿಸಿದರು. ಮರ ಕೊರೆಯುವ ಮೊನೆಯನ್ನು, ಅಂದರೆ ಬಿಟ್ಟನ್ನು, ಹಿಡಿದು ತಿರುಗಿಸುವ ಭಾಗ ಅದು. ಅದರ ಭಾರಕ್ಕೆ ಮಿಶಿನಿನ ತೋಳೇ ಬಾಗಿತು. ಅದಕ್ಕೊಂದು ಹೊಸ ಅಲ್ಯುಮಿನಿಯಂ ಹಿಡಿ ಮಾಡಿಸಬೇಕಾಯಿತು. ನೀರು ಹರಿಸಲು ಪಂಪು, ಬಕೆಟ್ಟು, ಪೈಪು. ವೇಗ ನಿಯಂತ್ರಿಸುವ ಪೆಟ್ಟಿಗೆಯಲ್ಲಿ ಅಂಕಿಗಳನ್ನು ಕೂರಿಸುವ ಕೆಲಸ ನನ್ನ ತಲೆಗೆ ಬಂತು.

"ಯಾಕಣ್ಣ ಇಷ್ಟೆಲ್ಲ ಒದ್ದಾಟ? ಮೇಲಿನ ಮನೆ ಅಜ್ಜಿ ಕಂಪ್ಲೇಂಟ್ ಮಾಡಿದ್ರಾ?"

"ಅವರಿಗೆ ಡೋರ್‌ಬೆಲ್ಲೇ ಕೇಳುದಿಲ್ಲ ಮಾರಾಯ್ರೆ."

"ಮತ್ತೆ ಸದ್ದಿನಿಂದ ಯಾರಿಗೆ ತೊಂದ್ರೆ?"

ಅವರು ನೆಲದ ಮೇಲೆ ಒಂದು ರಟ್ಟು ಹಾಸಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಹೇಳಿದರು. ಕೂತೆ. ಪೆನ್ಸಿಲ್ ಹಿಡಿದು ನನ್ನ ಸುತ್ತ ಗೆರೆ ಎಳೆಯತೊಡಗಿದರು.

"ಓಹೋ, ಮಣೆ ನನಗಾ?"

"ಅಲ್ಲ, ಬೇಬಿಗೆ. ನನ್ನ ತಂಗಿ. ನಿಮ್ಮದೇ ಪ್ರಾಯ."

ಅವರಿಗೆ ತಂಗಿ ಇರುವುದೇ ನನಗೆ ಗೊತ್ತಿರಲಿಲ್ಲ. ಎಲ್ಲಿದ್ದಾಳೆ ಎಂದು ಕೇಳಿದೆ.

"ಮೂರು ವರ್ಷ ಇರುವಾಗ ಜ್ವರದಲ್ಲಿ ತೀರಿಹೋದ್ಲು. ಈ ಆಟಿ ತಿಂಗಳಲ್ಲಿ ಅವಳ ಮದುವೆ."

ನಾನು ಗೆರೆಯೊಳಗೆ ಹಾಗೇ ಕೂತಿದ್ದೆ. ಅವರು ಪೈಪು ಬಿಗಿಯುತ್ತ, ಪಕ್ಕದ ಮನೆಯ ಮದುವೆಯ ಸುದ್ದಿ ಹೇಳುವಂತೆ ಹೇಳಿದರು. ಅವರ ಕಡೆ ಸತ್ತ ಮಕ್ಕಳೂ ಬದುಕಿರುವವರ ಹಾಗೆಯೇ ಬೆಳೆಯುತ್ತಾರಂತೆ. ಪ್ರಾಯಕ್ಕೆ ಬಂದ ಮೇಲೆ ಒಂಟಿಯಾಗಿ ಬಿಡಬಾರದು. ತೀರಿಹೋದ ಹುಡುಗನನ್ನೇ ಹುಡುಕಿ, ಸೀರೆ ಬಳೆ ತಂದು, ಊಟ ಹಾಕಿ ಮದುವೆ ಮಾಡಬೇಕು. ತುಳುವಿನಲ್ಲಿ ಕುಲೆ ಎಂದರೆ ಪ್ರೇತ; ಇದು ಕುಲೆ ಮದುವೆ, ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ ನಡೆಯುವುದು. ಮೊದಲು ಬಂದ ಸಂಬಂಧವನ್ನು, ಹುಡುಗ ಬೇಬಿಗಿಂತ ಚಿಕ್ಕವನೆಂದು ಅಮ್ಮ ಬೇಡವೆಂದರಂತೆ. ನನಗೆ ನಗು ಬಂತು, ಬಂದದ್ದು ಅರ್ಧದಲ್ಲೇ ನಿಂತಿತು.

"ಇದನ್ನೆಲ್ಲ ನೀವು ನಂಬ್ತೀರಾ ಅಣ್ಣ?"

"ನಂಬಿಕೆ ಬೇರೆ, ತಂಗಿ ಬೇರೆ," ಎಂದರು. "ಅವಳಿಗೆ ಶಬ್ದ ಅಂದ್ರೆ ಭಾರೀ ಹೆದರಿಕೆ. ಬಾಗಿಲು ಜೋರು ಹಾಕಿದ್ರೂ ಮಂಚದ ಅಡಿಗೆ ಹೋಗಿ ಕೂರುದು. ನಾನು ಕರೆದ್ರೆ ಮಾತ್ರ ಬರುದು. ಕಿರುಚಿಸಿ ಕಿರುಚಿಸಿ ಮಾಡಿದ ಮಣೆಯಲ್ಲಿ ಅವಳು ಕೂರ್ತಾಳಾ? ಅವಳು ಕೂರದಿದ್ರೆ ಮದುವೆ ಹೇಗೆ ಆಗುದು ಹೇಳಿ."

ಗೆಜ್ಜೆಯ ಮಾತನ್ನು ನಾನು ಮತ್ತೆಂದೂ ಎತ್ತಲಿಲ್ಲ.

ಹೊಸ ಸ್ಪಿಂಡಲ್‌ಗೆ ಕರೆಂಟು ಕೊಟ್ಟಾಗ ಏನೂ ಕೇಳಿಸಲಿಲ್ಲ. ಅಂಕಿ ತಪ್ಪಿದೆನೆಂದು ನಾನು ಬೆವರಿದೆ. ಸದಾನಂದಣ್ಣ ಕಾಗದದ ಚೂರೊಂದನ್ನು ಬಿಟ್ಟಿಗೆ ತಾಗಿಸಿದರು; ಅದು ಕ್ಷಣದಲ್ಲಿ ಹರಿದು ಹಾರಿತು. ಆ ಪಾಟಿ ವೇಗ, ಆದರೆ ಬಕೆಟ್ಟಿನಲ್ಲಿ ನೀರು ಬೀಳುವ ಸದ್ದಷ್ಟೇ. ಅವರ ಕಣ್ಣು ತುಂಬಿತು. ಮರ ಕೊರೆಯಲು ಶುರುವಾದ ಮೇಲೂ ಮನೆಯಲ್ಲಿ ಯಾರೋ ತೆಂಗಿನಕಾಯಿ ತುರಿಯುತ್ತಿರುವಂತೆ ಕೇಳುತ್ತಿತ್ತು.

ಮಣೆಯ ಕೆಲಸ ಕೆಲವು ಶನಿವಾರ ನಡೆಯಿತು. ಹಗಲು ಹೊತ್ತೇ, ನೆಲಮಾಳಿಗೆಯ ಕಿಂಡಿಯಿಂದ ಚೆನ್ನಾಗಿ ಬೆಳಕೂ ಬರುತ್ತಿತ್ತು. ಆದರೂ ನನಗೆ ಅಲ್ಲಿ ಒಬ್ಬಳೇ ನಿಲ್ಲಲು ಧೈರ್ಯವಿರಲಿಲ್ಲ. ಅವರು ಬಾಗಿಲನ್ನು ಒಂದು ಗೇಣು ತೆರೆದೇ ಇಡುವರು. ಒಮ್ಮೆ ಮೆಟ್ಟಿಲಿಳಿಯುವಾಗ ಅವರ ದನಿ ಕೇಳಿಸಿತು: "ಬಲ, ಬೇಬಿ, ಬಲ." ತುಳುವಿನಲ್ಲಿ 'ಬಾ' ಎಂದು ಅರ್ಥ. ನಾನು ಅಲ್ಲಿಂದಲೇ ಮೇಲೆ ಹೋಗಿ, ದೋಸೆಯ ಬಟ್ಟಲು ತೊಳೆಯುತ್ತ ನಿಂತೆ.

ಮಣೆ ಮುಗಿಯಿತು. ನಾಲ್ಕು ಮೂಲೆಗೂ ಮಲ್ಲಿಗೆ ಮೊಗ್ಗು, ಎಲ್ಲೂ ಸುಟ್ಟ ಗುರುತಿಲ್ಲ. ನೆಲದ ಮೇಲಿಟ್ಟು ದೂರ ನಿಂತು ನೋಡಿದರು. ಅಲುಗಾಡುತ್ತದೋ ನೋಡೋಣವೆಂದು ನಾನು ಸುಮ್ಮನೆ ಕೂರಲು ಹೋದೆ.

"ಕೂರ್ಬೇಡಿ!"

ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕೂಗಿದ ಮರುಕ್ಷಣ ಅವರೇ ಬಾಯಿ ಮುಚ್ಚಿಕೊಂಡು, ತೆರೆದ ಬಾಗಿಲ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮಣೆಯನ್ನು ಅಮ್ಮನ ಸೀರೆಯಲ್ಲಿ ಸುತ್ತಿದರು.

ಮದುವೆ ಚೆನ್ನಾಗಿ ಆಯಿತೆಂದು ಊರಿನಿಂದ ಫೋನ್ ಮಾಡಿದ್ದರು. ವಾಪಸು ಬರಲಿಲ್ಲ. ಕೆಲಸ ಬಿಟ್ಟರು, ಮನೆ ಬಿಟ್ಟರು. ಮಿಶಿನನ್ನು ಯಾರಾದರೂ ಕೊಂಡುಹೋಗಲಿ ಎಂದರು. ಯಾಕೆಂದು ಕೇಳಲು ನನಗೆ ಬಾಯಿ ಬರಲಿಲ್ಲ. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಅವರು ಮದುವೆಗೆಂದು ಊರಿಗೆ ಹೊರಟ ದಿನ, ಸ್ಟುಟ್‌ಗಾರ್ಟಿನ ಸ್ಟೇಷನ್ನಿನಲ್ಲಿ.

ಸೂಟ್‌ಕೇಸು ಎತ್ತಿಕೊಡಲು ಬೋಗಿಯೊಳಗೆ ಹತ್ತಿದ್ದೆ. ಅವರು ಮಣೆಯನ್ನು ಕಿಟಕಿಯ ಪಕ್ಕದ ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲಿ ತಾವು ಕೂತರು. ಬೋಗಿ ತುಂಬುತ್ತಿತ್ತು. ಒಬ್ಬ ಹೆಂಗಸು ಬಂದು, ಆ ಸೀಟು ಖಾಲಿಯೇ ಎಂದು ಜರ್ಮನ್‌ನಲ್ಲಿ ಕೇಳಿದಳು.

"ನೈನ್," ಎಂದರು ಸದಾನಂದಣ್ಣ. "ಮೈನೆ ಶ್ವೆಸ್ಟರ್."

ಇಲ್ಲ, ನನ್ನ ತಂಗಿ. ಆಕೆ ಅಲ್ಲಿ ನಿಂತಿದ್ದ ನನ್ನನ್ನು ನೋಡಿ, ಕ್ಷಮಿಸಿ ಎಂಬಂತೆ ನಕ್ಕು ಮುಂದೆ ಹೋದಳು. ಸದಾನಂದಣ್ಣ ಆಕೆಯನ್ನು ತಿದ್ದಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ರೈಲು ಹೊರಡುವ ಹೊತ್ತಾಗಿತ್ತು. ಇಳಿದು ಕಿಟಕಿಯ ಎದುರು ನಿಂತೆ. ಅವರು ಮಣೆಯ ಕಡೆ ಬಾಗಿ ಏನೋ ಹೇಳಿ, ಬೆರಳು ಮಾಡಿ ನನ್ನನ್ನು ತೋರಿಸಿದರು. ನನಗೆ ಭಯವಾಯಿತು, ಅಳುವೂ ಬಂತು. ಆದರೂ ಕೈ ಬೀಸಿದೆ, ಇಬ್ಬರಿಗೂ.