ಕರೆದೊಯ್ದ ಜೀಪಿನಲ್ಲೇ

ಕಿಟಕಿಗೆ ಗಾಜು ಕೂರಿಸುವ ಕೆಲಸ ಗಾಜಕ್ಕನಿಗೆ ಗಂಡನಿಂದ ಬಂದದ್ದು. ಅವನು ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಅವನ ಅಳತೆ ಟೇಪು, ಗಾಜು ಕೊಯ್ಯುವ ಕಟರು, ಗಾಜು ಅಂಟಿಸುವ ಪುಟ್ಟಿ ಡಬ್ಬ ಎತ್ತಿಕೊಂಡು ಹೊರಟಳು. ಹೆಂಗಸಿನ ಕೈಯಲ್ಲಿ ಗಾಜು ಉಳಿದೀತೇ ಎಂದವರಿದ್ದರು. ಉಳಿಯಿತು. ಗಂಡ ಉಳಿಯಲಿಲ್ಲ. ಗಾಜು ಹಾಕಿಸುವ ಮನೆಯವರು ಕೆಲಸಕ್ಕೆ ಹೋಗುವಾಗ ಪಕ್ಕದವರ ಹತ್ತಿರ ಬೀಗದ ಕೈ ಕೊಟ್ಟು, "ಗಾಜಕ್ಕ ಬಂದರೆ ಕೊಡಿ" ಎಂದು ಹೇಳಿ ಹೋಗುವಷ್ಟು ನಂಬಿಕೆ ಸಂಪಾದಿಸಿದಳು. ಕಂಡವರ ಮಲಗುವ ಕೋಣೆಯಲ್ಲಿ ನಿಂತು ಮಾಡುವ ಕೆಲಸ ಅದು. ನಂಬಿಕೆ ಹೋದರೆ ಅನ್ನವೂ ಹೋದಂತೆ.

ಒಂದು ಬೆಳಿಗ್ಗೆ ನಿವೃತ್ತ ಮೇಷ್ಟರೊಬ್ಬರು ಫೋನ್ ಮಾಡಿ, ಮುಂದಿನ ಕಿಟಕಿಯ ಗಾಜು ಒಡೆದಿದೆ, ತಾವು ಮನೆಯಲ್ಲಿಲ್ಲ, ಹೊರಗಿನಿಂದಲೇ ಹಾಕಿಬಿಡು ಎಂದರು. ಅವಳು ಹೋಗಿ ಚೌಕಟ್ಟಿನ ಅಳತೆ ತೆಗೆದುಕೊಂಡು ಗಾಜು ತರಲು ಅಂಗಡಿಗೆ ನಡೆದಳು. ಎದುರು ಮನೆಯ ಮಹಡಿಯಲ್ಲಿ ಹೊಸದಾಗಿ ಬಾಡಿಗೆಗೆ ಬಂದಿದ್ದಾಕೆ ಇದನ್ನು ನೋಡಿ ಪೊಲೀಸರಿಗೆ ಫೋನ್ ಮಾಡಿದಳು. ಕಂಡದ್ದನ್ನಷ್ಟೇ ಹೇಳಿದ್ದರೆ ಪರವಾಗಿರಲಿಲ್ಲ. ಅವಳು ಗಾಜು ಒಡೆದದ್ದನ್ನೂ ಕಣ್ಣಾರೆ ಕಂಡೆ ಎಂದು ಸೇರಿಸಿದಳು.

ಗಾಜಕ್ಕ ಹೊಸ ಗಾಜು ಹೊತ್ತು ಬೀದಿಗೆ ತಿರುಗುವಾಗ ಜೀಪು ಅಡ್ಡ ಬಂತು.

"ಕಿಟಕಿ ಒಡೆದ ಕಳ್ಳಿ ನೀನೇ ಅಲ್ವಾ? ಅದನ್ನ ಕೆಳಗಿಡು," ಎಂದ ಪೇದೆ.

"ಕೆಳಗಿಟ್ರೆ ಒಡೆಯುತ್ತೆ. ನೀವು ಹಿಡ್ಕೊಳ್ಳಿ. ಅಂಚು ಹುಷಾರು."

ಪೇದೆ ಹಿಡಿದುಕೊಂಡ.

"ಒಡೆದ ಕಿಟಕಿಗೆ ಹೊಸ ಗಾಜು ತರೋ ಕಳ್ಳಿನ ಎಲ್ಲಾದ್ರೂ ನೋಡಿದ್ದೀರಾ ಸ್ವಾಮಿ?"

"ಅದನ್ನೆಲ್ಲ ಸ್ಟೇಷನ್ನಲ್ಲಿ ಹೇಳು. ಹತ್ತು."

ಬಾಗಿಲು ಬಾಗಿಲಿಗೂ ಜನ. ಅವಳಿಂದ ಗಾಜು ಹಾಕಿಸಿಕೊಂಡವರೇ ಬಹಳ. ಒಬ್ಬರೂ ತುಟಿ ಬಿಚ್ಚಲಿಲ್ಲ.

ಸ್ಟೇಷನ್ನಿನಲ್ಲಿ ಸಬ್‌ಇನ್ಸ್‌ಪೆಕ್ಟರು ಮೇಷ್ಟರಿಗೆ ಫೋನ್ ಹಚ್ಚಿದ. "ಗಾಜಕ್ಕನ್ನ ಕೂರಿಸ್ಕೊಂಡಿದ್ದೀರಾ? ಹಾಗಾದ್ರೆ ನನ್ನ ಕಿಟಕಿ ನೀವು ಬಂದು ಹಾಕ್ತೀರಾ?" ಎಂದು ಮೇಷ್ಟರು ಗದರಿದ್ದು ಗಾಜಕ್ಕ ಕೂತಿದ್ದ ಬೆಂಚಿನವರೆಗೂ ಕೇಳಿತು.

ಅವನು ಫೋನ್ ಇಟ್ಟು, "ತಪ್ಪು ಮಾಹಿತಿ ಕಣಮ್ಮ. ನೀನು ಗಾಜು ಒಡೆದದ್ದು ಕಣ್ಣಾರೆ ಕಂಡೆ ಅಂದಿದ್ಲು ಎದುರು ಮನೆ ಮಹಡಿಯಾಕೆ. ಹೊರಡು. ಹಿಂದಿನ ಬಾಗಿಲಿಂದ ಹೋಗು, ಯಾರೂ ನೋಡಲ್ಲ," ಎಂದ.

"ಬರೋವಾಗ ಇಡೀ ಬೀದಿ ನೋಡಿದೆ. ಹೋಗೋದನ್ನೂ ನೋಡ್ಲಿ. ಅದೇ ಜೀಪಲ್ಲಿ, ಹತ್ತಿಸಿಕೊಂಡ ಕಡೆಗೇ ಬಿಟ್ಟು, ಇವಳದೇನೂ ತಪ್ಪಿಲ್ಲ ಅಂತ ಹೇಳಿ."

"ಪೊಲೀಸ್ ಜೀಪು ಟ್ಯಾಕ್ಸಿ ಅಲ್ಲಮ್ಮ."

"ನಾನೇನು ಕೈ ತೋರಿಸಿ ನಿಲ್ಲಿಸಿದ್ನಾ?"

ಜಪ್ಪಯ್ಯ ಅಂದರೂ ಏಳಲಿಲ್ಲ. ಸುದ್ದಿ ಕೇಳಿ ತಮ್ಮ ಓಡಿಬಂದ. "ಅಕ್ಕಾ, ಇವರ ಹತ್ರ ಹಟ ಬೇಡ. ತಪ್ಪಾಯ್ತು ಅಂದ್ಬಿಡು, ಹೋಗೋಣ."

"ಯಾವ ತಪ್ಪು ಅಂತ ಹೇಳು, ಅಂತೀನಿ."

ತಮ್ಮ ಬೆಂಚಿನ ತುದಿಯಲ್ಲಿ ಕೂತ.

"ಏಳದಿದ್ರೆ ಒಳಗೆ ಹಾಕ್ತೀನಿ," ಎಂದ ಸಬ್‌ಇನ್ಸ್‌ಪೆಕ್ಟರು.

"ಹಾಕಿ. ಹೊರಗೆ ಹೋಗಲ್ಲ ಅಂದ್ಲು ಅಂತ ಕೇಸು ಬರ್ಕೊಳ್ಳಿ."

ಪರ್ಸು ಕಳೆದುಕೊಂಡವನು ಬಂದ, ಪಾಸ್‌ಪೋರ್ಟ್ ಪರಿಶೀಲನೆಗೆಂದು ಒಬ್ಬಳು ಬಂದಳು, ವಕೀಲನೊಬ್ಬ ಬಂದ. ಬಂದವರಿಗೆಲ್ಲ ಗಾಜಕ್ಕ ನಡೆದದ್ದನ್ನು ಮೊದಲಿನಿಂದ ಹೇಳಿದಳು. ದನಿ ಏರಿಸಲಿಲ್ಲ, ಅಳಲಿಲ್ಲ. ವಕೀಲ ಕುರ್ಚಿ ಎಳೆದುಕೊಂಡು ಕೂತು ಕೇಳತೊಡಗಿದಾಗ ಸಬ್‌ಇನ್ಸ್‌ಪೆಕ್ಟರು ಡ್ರೈವರನನ್ನು ಕೂಗಿದ.

ಬೀದಿಯಲ್ಲಿ ಜೀಪು ನಿಂತಿತು. ಪೇದೆ ಗಾಜು ಹಿಡಿದು ಇಳಿದು, "ಇವರದೇನೂ ತಪ್ಪಿಲ್ಲ," ಎಂದು ತನ್ನ ಬೂಟಿಗೆ ಹೇಳಿದ.

"ಹತ್ತು ಅಂದಾಗ ಗಂಟಲು ಚೆನ್ನಾಗಿತ್ತಲ್ಲ ನಿಮ್ದು," ಎಂದಳು ಗಾಜಕ್ಕ.

ಎರಡನೆಯ ಸಲ ಹೇಳಿದ್ದು ಬೀದಿಯ ಕೊನೆಯವರೆಗೂ ಕೇಳಿತು.

ಮನೆಗೆ ಬಾ ಎಂದ ತಮ್ಮ. ಅವಳು ಹೋಗಲಿಲ್ಲ. ಚೌಕಟ್ಟು ಕೆರೆದು ಗಾಜು ಕೂರಿಸಿ, ಹೆಬ್ಬೆರಳಿನಿಂದ ಪುಟ್ಟಿ ಒತ್ತುತ್ತಿದ್ದಾಗ ಎದುರು ಮನೆಯಾಕೆ ಇಳಿದುಬಂದಳು.

"ನನಗೆ ಗೊತ್ತಾಗ್ಲಿಲ್ಲ. ಬೇಜಾರು ಮಾಡ್ಕೋಬೇಡಿ."

"ಮಾಡ್ಕೊಂಡಿದ್ದೀನಿ," ಎಂದಳು ಗಾಜಕ್ಕ, ತಿರುಗದೆ. "ಗೊತ್ತಿಲ್ದೆ ಇರೋದು ಬೇರೆ. ಒಡೆದಿದ್ದು ಕಣ್ಣಾರೆ ಕಂಡೆ ಅಂದ್ರಲ್ಲ, ಅದು ಸುಳ್ಳು. ಪೊಲೀಸರು ಅವರ ಮಾತು ಹೇಳಿದ್ರು. ನಿಮ್ಮ ಮಾತು ನೀವು ಹೇಳಿ. ಬೀದಿಯ ಮೊದಲ ಮನೆಯಿಂದ ಶುರು ಮಾಡಿ."

ಆಕೆ ಸೆರಗು ಸರಿಮಾಡಿಕೊಂಡು ಮೊದಲ ಮನೆಯ ಗೇಟು ತೆರೆದಳು.