ಕೌದಿಯ ನಡುವಿನ ಟವಲ್

ಕೊರೋನಾದಾಗ ನಾವು ಹೆಂಗೆ ಪಾಠ ಮಾಡಿದೆವು ಅನ್ನೋದನ್ನ ಈಗ ಕೌದಿ ಹೊಲಿದು ನೆನೆಸಿಕೊಳ್ಳಬೇಕಂತೆ. ಅದೇ ಸಂಶೋಧನೆಯಂತೆ. ನಮ್ಮ ಕಾಲೇಜಿನ ಕನ್ನಡ ವಿಭಾಗದ ಮುಖ್ಯಸ್ಥರು ಎಲ್ಲೋ ವರ್ಕ್‌ಶಾಪಿಗೆ ಹೋಗಿಬಂದು ಶುರು ಹಚ್ಚಿಕೊಂಡರು: ವಿಭಾಗದ ಐದೂ ಜನ ಆ ದಿನಗಳ ಒಂದೊಂದು ಬಟ್ಟೆ ತರಬೇಕು, ಕೂಡಿ ಹೊಲಿಯಬೇಕು, ಹೊಲಿಯುವಾಗ ಆಡಿದ ಮಾತು ಬರೆದಿಡಬೇಕು. ನನಗೆ ಮೈಯೆಲ್ಲ ಉರಿದುಹೋಯ್ತು. ಆದರೂ ಅಪ್ಪನ ಟವಲ್ ಒಯ್ದೆ.

ಕೊರೋನಾ ಕಾಲದ ಒಂದು ಬೆಳಿಗ್ಗೆ ನಮ್ಮೂರು ಮತ್ತೋಡಿನಿಂದ ತಮ್ಮ ಫೋನ್ ಮಾಡಿ, ಅಪ್ಪನಿಗೆ ಉಸಿರಾಡಕ್ಕೆ ಆಗ್ತಿಲ್ಲ, ಬೇಗ ಬಾ ಅಂದಿದ್ದ. ಮುಖ್ಯಸ್ಥರಿಗೆ ಹೇಳಿದೆ. ಆನ್‌ಲೈನ್ ಕ್ಲಾಸ್ ಮುಗಿಸಿಯೇ ಹೋಗಿ, ಹಾಜರಾತಿ ಸ್ಕ್ರೀನ್‌ಶಾಟ್ ಕಳಿಸಿ ಅಂತ ಮೆಸೇಜ್ ಹಾಕಿದರು. ಹೊಸದುರ್ಗದ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಕೂತು ಸಂಧಿ, ಸಮಾಸ ಹೇಳಿದೆ. ಅರ್ಧ ಹುಡುಗರಿಗೆ ನೆಟ್‌ವರ್ಕೇ ಇರಲಿಲ್ಲ, ಯಾವ ಸುಡುಗಾಡು ಪಾಠವೋ! ಸ್ಕ್ರೀನ್‌ಶಾಟ್ ಕಳಿಸಿ ಸ್ಕೂಟಿ ಹತ್ತಿದೆ. ಹೋಗೋ ಹೊತ್ತಿಗೆ ಅಪ್ಪ ಇರಲಿಲ್ಲ. ಅವರ ಹೆಗಲ ಮೇಲಿರುತ್ತಿದ್ದ ಟವಲ್ಲನ್ನು ತಮ್ಮ ನನ್ನ ಕೈಗಿಟ್ಟ.

ಈಗ ಕೌದಿಗೆ ಸೇರಿಸುವಾಗ ಅದರ ಮೇಲೆ ಕೆಂಪು ದಾರದಲ್ಲಿ ಮುಖ್ಯಸ್ಥರ ಮೆಸೇಜನ್ನೇ ಹೊಲಿದೆ: 'ಹಾಜರಾತಿ ಸ್ಕ್ರೀನ್‌ಶಾಟ್ ಕಳಿಸಿ.' ಅವರು ಓದಿದರು. ಓದದವರ ಹಾಗೆ ಪಕ್ಕದಲ್ಲೇ ತಮ್ಮ ಹಳೇ ನೀಲಿ ಅಂಗಿಯ ತುಂಡು ಕೂರಿಸಿ, ಆ ಕಾಲದಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಹೆಗಲಾದೆವು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಕಾಲೇಜಿನಲ್ಲಿ ಕೌದಿಯ ಪ್ರದರ್ಶನಕ್ಕೆ ಒಂದು ದಿನ ಇದೆ ಅನ್ನುವಾಗ ನನ್ನನ್ನು ಕರೆದರು. ಇದು ತೀರಾ ವೈಯಕ್ತಿಕ ಆಯ್ತು ಮೇಡಂ, ಹೊರಗಿನವರು ಏನಂದ್ಕೋತಾರೆ, ಈ ಟವಲ್ ತೆಗೆದುಬಿಡಿ ಅಂದರು. ನಾನು ಬ್ಲೇಡ್ ಮುಂದಿಟ್ಟೆ.

"ನೀವೇ ಬಿಚ್ರಿ ಸಾರ್."

ಕೌದಿ ಹೊಲಿದು ಗೊತ್ತಿದ್ದವರು ಆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಬರೋ ಹೊಲಿಗೆ ಅದು, ಒಂದೇ ದಾರ ಎಲ್ಲರ ಬಟ್ಟೆಯನ್ನೂ ಹಾಯ್ದಿರುತ್ತೆ. ಮುಖ್ಯಸ್ಥರು ಟವಲ್ ಹತ್ತಿರ ದಾರ ಕತ್ತರಿಸಿ ಎಳೆದರು. ಮೊದಲು ಬಿಚ್ಚಿಕೊಂಡಿದ್ದು ಅವರದೇ ಅಂಗಿಯ ತುಂಡು. ನಮ್ಮಲ್ಲಿ ಹಿರಿಯರಾದ ಮೇಡಂ ಒಬ್ಬರು ಕೌದಿಯನ್ನು ತೊಡೆಗೆಳೆದುಕೊಂಡು ಎರಡನ್ನೂ ಮತ್ತೆ ಗಟ್ಟಿ ಹೊಲಿದರು. ಟವಲ್ ಉಳಿಯಿತು.

ಮಾರನೇ ದಿನ ವಿದ್ಯಾರ್ಥಿನಿಯೊಬ್ಬಳು ಕೌದಿ ಮುಂದೆ ನಿಂತು, ಈ ಮೆಸೇಜ್ ಯಾರು ಹಾಕಿದ್ದು ಅಂತ ಕೇಳಿದಳು. ಮುಖ್ಯಸ್ಥರು ನೆಲ ನೋಡಿದರು. ಅವರ ಹೆಸರು ನಾಲಗೆ ತುದಿಗೆ ಬಂದಿತ್ತು. ಇಷ್ಟು ವರ್ಷ ಅದಕ್ಕೇ ಕಾದಿದ್ದೆ.

"ಹಾಕಿದೋರು ಇಲ್ಲೇ ಅವರೆ ಕಣಮ್ಮ," ಅಂದೆ. "ಅಪ್ಪನ್ನ ಬಿಟ್ಟು ಸ್ಕ್ರೀನ್‌ಶಾಟ್ ಕಳಿಸಿದೋಳು ನಾನು."