ದ್ರಾಕ್ಷಿ ಪಡದಲ್ಲಿ ಡ್ರಮ್ ಪಾಠ

ಮೂರು ವಾರಗಳ ಹಿಂದೆ, ಒಂದು ಭಾನುವಾರ ಬೆಳಗ್ಗೆ, ಬಿಜ್ಜರಗಿಯ ತನ್ನ ದ್ರಾಕ್ಷಿ ಪಡದ ನಡುವೆ ನಿಂತು ನನ್ನ ಅಕ್ಕ ಶಾಂತಕ್ಕ ನನ್ನ ಡ್ರಮ್ ಮಾಸ್ತರರಿಗೆ ಕೈ ಮುಗಿದಳು.

"ಮಾಸ್ತರ, ನಿಮಗ ಪುಣ್ಯಾ ಬರತೈತ್ರಿ. ಇಕೀಗೆ ಕಲಿಸಿದ್ದೆಲ್ಲಾ ಮರಸಿಬಿಡ್ರಿ."

ಯಾವ ಗುರುವಿಗಾದರೂ ಇಂಥ ಬೇಡಿಕೆ ಬಂದದ್ದುಂಟೇ? ತಾಳಿ, ಮೊದಲಿನಿಂದ ಹೇಳುತ್ತೇನೆ.

ನನಗೀಗ ಐವತ್ತೆರಡು. ವಿಜಯಪುರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಅಂದರೆ ಅರ್ಧ ಆಯುಷ್ಯವನ್ನು ಹುಡುಗರಿಗೆ 'ಶ್‌ಶ್' ಎನ್ನುತ್ತಲೇ ಕಳೆದವಳು. ಕಳೆದ ವರ್ಷ ಬಲ ಭುಜ ಹಿಡಿದುಕೊಂಡಿತು. ಡಾಕ್ಟರು "ಕೈ ಆಡಸ್ರಿ, ಸುಮ್ನ ಕುಂದ್ರಬ್ಯಾಡ್ರಿ" ಎಂದರು. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮವನ್ನು ಎಷ್ಟು ದಿನ ಮಾಡುವುದು? ಅಷ್ಟರಲ್ಲಿ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಕಂಬಕ್ಕೆ ಅಂಟಿಸಿದ ಒಂದು ಚೀಟಿ ಕಂಡಿತು. 'ಡ್ರಮ್ಸ್ ಕಲಿಸಲಾಗುವುದು. ಹೊಸಬರಿಗೂ, ಅರ್ಧ ಕಲಿತವರಿಗೂ.'

ಮೆಟ್ಟಿಲು ಹತ್ತಿದೆ. ಮೇಲೆ ಸಂಜು ಮಾಸ್ತರರು ಕುಳಿತಿದ್ದರು. ವಯಸ್ಸು ಇಪ್ಪತ್ತೇಳು ಇರಬಹುದು.

"ಮಗನ್ನ ಹಚ್ಚೋರೇನ್ರಿ ಮೇಡಂ?"

"ಇಲ್ರಿ, ನಾನಽ ಕಲಿಯಾಕಿ."

ಅವರು ನನ್ನ ಸೀರೆ ನೋಡಿದರು, ಕೆಳಗಿನ ಪೆಡಲ್ ನೋಡಿದರು. "ಚಪ್ಪಲಿ ಬಿಟ್ಟ ಕುಂದರ್ರಿ" ಎಂದರು. ಪಾಠ ಶುರುವಾಯಿತು.

ಡ್ರಮ್ ಎಂದರೆ ಎರಡು ಕೈ, ಎರಡು ಕಾಲು, ನಾಲ್ಕಕ್ಕೂ ಬೇರೆ ಬೇರೆ ಕೆಲಸ. ಇದರಲ್ಲೇನಿದೆ ಎಂದುಕೊಂಡೆ. (ಒಲೆಯ ಮೇಲೆ ಹಾಲು, ಕಿವಿಯಲ್ಲಿ ಫೋನು, ಕೈಯಲ್ಲಿ ಲಟ್ಟಣಿಗೆ, ಕಾಲಿನಿಂದ ಬೆಕ್ಕನ್ನು ದೂಡುವುದು, ಇದನ್ನು ದಿನಾ ಮಾಡುವವಳು ನಾನು.) ಆದರೆ ಬಲಗೈ ಎದ್ದರೆ ಬಲಗಾಲೂ ಏಳುತ್ತಿತ್ತು. ಎಡಗೈಯಂತೂ ಅತಿಥಿಯಂತೆ ಸುಮ್ಮನೆ ಕುಳಿತಿರುತ್ತಿತ್ತು.

ಮನೆಯಲ್ಲಿ ಪ್ರಾಕ್ಟೀಸ್ ಮಾಡಲೆಂದು ಹಳೆಯ ಸೆಟ್ ಒಂದನ್ನು ತಂದೆ. ಯಜಮಾನರು ಸಂಜೆಯ ವಾಕಿಂಗನ್ನು ಭೂತನಾಳ ಕೆರೆಯವರೆಗೆ ವಿಸ್ತರಿಸಿದರು. ಅಕ್ಕಪಕ್ಕದವರಿಗೆ ಅಷ್ಟು ನಡೆಯುವ ಶಕ್ತಿ ಇರಲಿಲ್ಲ. ಅವರು ಗುಂಪಾಗಿ ನಮ್ಮ ಮನೆಗೇ ಬಂದರು.

ಶಾಂತಕ್ಕನಿಗೆ ಫೋನ್ ಮಾಡಿ ದುಃಖ ತೋಡಿಕೊಂಡೆ. ಆಕೆಗೆ ಅವಳದೇ ದುಃಖ. ಹಣ್ಣು ಮಾಗುವ ಹೊತ್ತು. ಹಕ್ಕಿ ತಡೆಯಲು ಕಟ್ಟಿದ ಬಲೆ ಗಾಳಿಗೆ ಅರ್ಧ ಹರಿದು, ಗಿಣಿಗಳ ಹಿಂಡು ಪಡಕ್ಕೆ ಇಳಿಯುತ್ತಿತ್ತು. ಡಬ್ಬಿ ಬಡಿದು ಬಡಿದು ಆಕೆಯ ಕೈ ಸೋತಿತ್ತು.

"ಆ ನಿನ್ನ ಡ್ರಮ್ಮ ತಗೊಂಡ ಇಲ್ಲಿ ಬಾ ಬೇ" ಎಂದಳು.

ಟಂಟಂ ರಿಕ್ಷಾದಲ್ಲಿ ಡ್ರಮ್ ಸೆಟ್ ಏರಿಸಿ ಹೊರಟೆ. ತಿಕೋಟಾದಲ್ಲಿ ಚಹಾಕ್ಕೆ ನಿಂತಾಗ ಒಬ್ಬರು ಕೇಳಿಯೇಬಿಟ್ಟರು, "ಯಾರ ಮದುವಿರಿ?"

ಪಡದ ನಡುವಿನ ಬೇವಿನ ಗಿಡದ ಕೆಳಗೆ ಕುಳಿತು ಮೊದಲ ಏಟು ಹಾಕಿದೆ. ಎರಡನೆಯದು ತಪ್ಪಿತು. ಮೂರನೆಯದು ತಾಳಕ್ಕಿಂತ ಮೊದಲೇ ಬಿತ್ತು. ಗಿಣಿಗಳೆಲ್ಲ ಒಮ್ಮೆಲೇ ಎದ್ದು ಹಾರಿದವು! ಮುಂದಿನ ಏಟು ಯಾವಾಗ ಬೀಳುತ್ತದೆಂದು ಅವಕ್ಕೂ ಗೊತ್ತಾಗುತ್ತಿರಲಿಲ್ಲ, ನನಗೂ. ಶಾಂತಕ್ಕ ಹಿಗ್ಗಿ ಹೀರೇಕಾಯಿಯಾದಳು. ಮುಂದಿನ ಭಾನುವಾರ ಪಕ್ಕದ ಪಡದ ಮಲ್ಲಪ್ಪ ಟವೆಲ್ ಕೊಡವುತ್ತ ಬಂದ. "ಅಕ್ಕಾರ, ನಮ್ಮ ಕಡೆನೂ ಒಂದ್ ತಾಸು ಬಾರಸ್ರೆಲಾ." ಜೀವನದಲ್ಲಿ ನನಗೆ ಸಿಕ್ಕ ಮೊದಲ ಕಾರ್ಯಕ್ರಮ ಅದು.

ಕಷ್ಟವೆಂದರೆ, ನಡುವೆ ಪಾಠವೂ ನಡೆದಿತ್ತು. ಸಂಜು ಮಾಸ್ತರರು ಒಳ್ಳೆಯ ಗುರು. ಐದನೆಯ ಭಾನುವಾರ ಏನಾಯಿತೋ, ಕೈಕಾಲು ನಾಲ್ಕೂ ಒಂದು ಮಾತಿಗೆ ಬಂದವು. ಐದು ನಿಮಿಷ ಒಂದೂ ತಪ್ಪಿಲ್ಲದೆ ಬಾರಿಸಿದೆ. ಭುಜದ ನೋವು ಮರೆತೇಹೋಗಿತ್ತು. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ನೋಡಿದರೆ, ಗಿಣಿಗಳು ಸಾಲಾಗಿ ಕುಳಿತು ನಿಶ್ಚಿಂತೆಯಿಂದ ಹಣ್ಣು ತಿನ್ನುತ್ತಿವೆ!

"ಏನಾತ ನಿನಗ?" ಶಾಂತಕ್ಕ ಓಡಿ ಬಂದಳು. "ಮೊದಲಿನಂಗ ಬಾರಸ!"

"ಅಕ್ಕಾ, ಈಗ ಬರಾಕತ್ತೈತಿ ನನಗ..."

"ಯಾರ ಕಲಿ ಅಂದಿದ್ರ?"

ತಪ್ಪಾಗಿ ಬಾರಿಸಲು ಪ್ರಯತ್ನಿಸಿದೆ, ದೇವರಾಣೆ. ಆಗಲಿಲ್ಲ. ಬೇಕೆಂದೇ ಮಾಡಿದ ತಪ್ಪೂ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು. ಹಣ್ಣು ಕೊಯ್ಯಲು ಇನ್ನೂ ಹತ್ತು ದಿನವಿತ್ತು. ಅಕ್ಕನ ಮುಖ ನೋಡಲಾಗದೆ ಮಾಸ್ತರರನ್ನೇ ಕರೆಸಿದೆ. ಅವರು ಮುಂದಿನ ಭಾನುವಾರ ಬೈಕಿನಲ್ಲಿ ಬಂದಿಳಿದಾಗಲೇ ಶಾಂತಕ್ಕ ಹಾಗೆ ಕೈ ಮುಗಿದದ್ದು.

ಮಾಸ್ತರರಿಗೆ ಸಿಟ್ಟು ಬಂತು. "ಕೆಡಸೂದು ನಾ ಕಲಸಂಗಿಲ್ರಿ" ಎನ್ನುತ್ತ ತಾವೇ ಕುಳಿತು, ಹಕ್ಕಿಗಳನ್ನು ಓಡಿಸಿಯೇ ತೀರುತ್ತೇನೆಂದು ಹತ್ತು ನಿಮಿಷ ಬಾರಿಸಿದರು. ಅದ್ಭುತವಾಗಿತ್ತು. ಇನ್ನಷ್ಟು ಗಿಣಿ ಬಂದವು.

ಆಗ ಶಾಂತಕ್ಕನಿಗೆ ತಡೆಯಲಾಗಲಿಲ್ಲ. "ಸರೀರಿ ಆಕಡೆ" ಎಂದು ಸೆರಗು ಸಿಕ್ಕಿಸಿ, ಕೋಲು ಕಸಿದುಕೊಂಡು, ರೊಟ್ಟಿ ಬಡಿಯುವ ರಭಸದಲ್ಲಿ ಬಾರಿಸಿದಳು. ಅಯ್ಯೋ, ಆ ಸದ್ದು! ಗಿಣಿಗಳು ಬಾಬಲೇಶ್ವರದ ದಿಕ್ಕಿಗೆ ಹಾರಿದವು. ಮಲ್ಲಪ್ಪ ಬದುವಿನ ಮೇಲೆ ನಿಂತು ಚಪ್ಪಾಳೆ ತಟ್ಟಿದ. ಹಕ್ಕಿಗಳು ಹೋದಮೇಲೂ ಆಕೆ ನಿಲ್ಲಿಸಲಿಲ್ಲ. ನಲವತ್ತು ವರ್ಷದಿಂದ ಹೊಲ, ಒಲೆ ಎಂದು ದುಡಿದ ನನ್ನ ಅಕ್ಕ ಬೆವರು ಸುರಿಸುತ್ತ ಗೊಳ್ಳನೆ ನಗುತ್ತಿದ್ದಳು. ಆಕೆ ಹಾಗೆ ನಕ್ಕದ್ದನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ.

ಮಾಸ್ತರರಿಗೆ ಅಭ್ಯಾಸಬಲ. "ಅಕ್ಕಾರ, ಮಣಿಕಟ್ಟ ಜರಾ ಸಡಿಲ ಬಿಡ್ರಿ" ಎಂದುಬಿಟ್ಟರು.

"ಏ ಮಾಸ್ತರ!" ಮಲ್ಲಪ್ಪ ಚೀರಿದ. "ಹಣ್ಣ ಕೊಯ್ಯೂಮಟಾ ಏನೂ ಕಲಸಬ್ಯಾಡ್ರಿ!"

ಹಣ್ಣು ಉಳಿಯಿತು. ಎರಡು ಸಾಲು ಮಾತ್ರ ಗಿಣಿಗಳ ಪಾಲಾಯಿತು. ಆ ಎರಡೂ ನಾನು ಚೆನ್ನಾಗಿ ಬಾರಿಸಿದ ದಿನದ್ದೆಂದು ಶಾಂತಕ್ಕ ಎಲ್ಲರಿಗೂ ಹೇಳುತ್ತಾಳೆ.

ಆಮೇಲೆ ನಾನು ಯೋಚಿಸಿದೆ. ನಾವು ಕಲಿಯದೆ ಇರುವುದರಿಂದ ಎಷ್ಟು ಜನರ ಕೆಲಸ ಸಲೀಸಾಗಿ ನಡೆದಿರುತ್ತದೆ! ಕಲಿತ ದಿನವೇ ಅವರಿಗೆ ತೊಂದರೆ ಶುರು. ಶಾಂತಕ್ಕ ಈಗ ಪ್ರತಿ ಗುರುವಾರ ಬಸ್ಸಿನಲ್ಲಿ ಬಂದು ಸಂಜು ಮಾಸ್ತರರ ಮೆಟ್ಟಿಲು ಹತ್ತುತ್ತಾಳೆ. ಪ್ರಾಕ್ಟೀಸು ತನ್ನ ಮನೆಯಲ್ಲೇ, ಪಡಸಾಲೆಯಲ್ಲಿ.

ನಿನ್ನೆ ಆಕೆಯ ಗಂಡ, ಅಂದರೆ ನಮ್ಮ ಮಾವ, ಫೋನ್ ಮಾಡಿದ್ದರು. ಬಹಳ ಮೆತ್ತಗಿನ ಮನುಷ್ಯ.

"ತಂಗಿ, ನಿನ್ನ ಅಕ್ಕಗ ಚಲೋತ್ನ್ಯಾಗ ಬಾರಸಾಕ ಬರಾಕ ಎಷ್ಟ ದಿನಾ ಹಿಡೀತೈತಿ?"

"ಒಂದ್ ವರ್ಷ ಅಂತ ಹಿಡೀರಿ, ಮಾವಾ."

 ಮಾವ ಮೆಲ್ಲಗೆ ಕೇಳಿದರು, "ಗಿಣಿಗೋಳಿಗೆ ರೆಕ್ಕಿ ಅದಾವು. ನಾ ಎಲ್ಲಿ ಹೋಗಲೆವ್ವಾ?"